ಅಣ್ಣ ಹಿಡಿದಿರುತ್ತಿದ್ದ ಸ್ವರ

ಮಾರ್ಚ್ ೧೪, ರಾತ್ರಿ ಹತ್ತೂವರೆ. ಇವತ್ತಿನ ಅಭ್ಯಾಸದಲ್ಲೂ ಅದೇ ಜಾಗದಲ್ಲಿ ಮೂರು ಸಲ ಉಸಿರು ಸಾಲದೆ ಸ್ವರ ಕಡಿದುಹೋಯಿತು.

ಆ ಹಳೆಯ ವೃಂದಗಾನವನ್ನು ಇಪ್ಪತ್ತು ವರ್ಷ ಅಣ್ಣ ನನ್ನ ಎಡಕ್ಕೆ ನಿಂತು ಹಾಡಿದ್ದ. ಕೊನೆಯ ಉದ್ದನೆಯ ಸ್ವರ ಒಬ್ಬರ ಉಸಿರಿಗೆ ನಿಲುಕುವುದಲ್ಲ. ಅವನು ಉಸಿರೆಳೆದುಕೊಂಡಾಗ ನಾನು ಹಿಡಿದಿರುತ್ತಿದ್ದೆ, ನಾನು ಎಳೆದುಕೊಂಡಾಗ ಅವನು. ಅವನು ತೀರಿಹೋಗಿ ನಾಲ್ಕು ತಿಂಗಳಾಯಿತು. ಈಗ ಅವನ ಮಗಳು ಅದೇ ಹಾಡಿಗೆ ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು ಸೇರಿಸಿ ರಾಕ್ ಮಾಡಿದ್ದಾಳೆ. ಕೆಳಗಿನ ದನಿಗೆ ನಾನೊಬ್ಬನೇ.

"ಚಿಕ್ಕಪ್ಪನ ಗಾಡಿ ಮತ್ತೆ ದಿಬ್ಬದಲ್ಲೇ ನಿಲ್ತು" ಎಂದ ಡ್ರಮ್ಮಿನವನು.

ಅವಳು ನಗಲಿಲ್ಲ. "ನೀವು ಉಸಿರು ತಗೊಳ್ಳಿ ಚಿಕ್ಕಪ್ಪ. ಅಷ್ಟು ಹೊತ್ತು ನನ್ನ ಗಿಟಾರು ಹಿಡ್ಕೊಂಡಿರುತ್ತೆ."

"ಅದು ನಿಮ್ಮಪ್ಪನ ಜಾಗ ಕಣೇ."

"ಗೊತ್ತು. ಬೇರೆ ಯಾರಿಗೆ ಕೊಡ್ಲಿ?"

ನಾಲ್ಕನೆಯ ಸಲ ಗಿಟಾರು ಹಿಡಿದೇ ಇತ್ತು. ಆದರೂ ನಾನು ಉಸಿರೆಳೆಯಲಿಲ್ಲ, ಕಣ್ಣಿಗೆ ಕತ್ತಲೆ ಕವಿಯುವವರೆಗೂ ಹಾಡಿದೆ. ಅಲ್ಲಿ ಬಿಟ್ಟರೆ ಅಣ್ಣನನ್ನೇ ಬಿಟ್ಟಂತೆ ಅನ್ನಿಸಿತು. ಅವಳು ನೋಡಿದಳು. ಜನರೆದುರು ಹೀಗಾದರೆ ಹಾಳಾಗುವುದು ಅವಳ ಹಾಡು. ಈಗ ಹಾಸಿಗೆಯಲ್ಲಿ ಕೂತು ಸ್ವರ ಬಿಟ್ಟು ಉಸಿರೆಳೆಯುವುದನ್ನೇ ಅಭ್ಯಾಸ ಮಾಡುತ್ತಿದ್ದೇನೆ, ಬರುತ್ತಿಲ್ಲ.

ನಾಳೆ ಸಂಜೆ ಆರಕ್ಕೆ ಕಾರ್ಯಕ್ರಮ. ನನ್ನ ಎಡಕ್ಕೆ ಅವಳು ನಿಲ್ಲುತ್ತಾಳೆ.