ಬಗ್ಗಿದ ಮೈಗೆ ಹೊಲಿದ ಅಂಗಿ

ಪ್ರೀತಿಯ ಅವ್ವಾ,

ಕಲಾದಗಿ ರಸ್ತೆಯಲ್ಲಿ ನನ್ನ ಸೈಕಲ್ ಅಭ್ಯಾಸ ನೋಡಲು ನೀನು ಅಪ್ಪನ ಬೈಕಿನ ಹಿಂದೆ ಕೂತು ಬಂದ ಬೆಳಗು ನೆನಪಿದೆಯೇ? ಎದುರುಗಾಳಿ ಜೋರಾಗಿತ್ತು. ನನ್ನ ಚೂಡಿದಾರದ ಟಾಪು ಗಾಳಿ ತುಂಬಿಕೊಂಡು ಬೆನ್ನ ಮೇಲೆ ಚೀಲದಂತೆ ಉಬ್ಬಿತ್ತು. ಎಷ್ಟು ತುಳಿದರೂ ಮುಂದಿನ ಹುಡುಗಿಯರು ಸಿಗುತ್ತಿರಲಿಲ್ಲ. ಮೈಗೆ ಅಂಟುವ ಉಡುಪು ಬೇಕೆಂದು ಕೋಚ್ ಸರ್ ಹೇಳಿದ್ದಕ್ಕೆ ಹಿಂದಿನ ದಿನವಷ್ಟೇ ನೀನು, "ಅಂಥಾದ್ದು ಹಾಕ್ಕೊಳ್ಳೂದಾದ್ರ ಸೈಕಲ್ಲ ಬ್ಯಾಡ" ಎಂದುಬಿಟ್ಟಿದ್ದೆ. ನಾನು ಉಣ್ಣದೆ ಮಲಗಿದ್ದೆ.

ಮನೆಗೆ ಬಂದವಳೇ ನೀನು ಸೆರಗು ಸರಿಮಾಡಿಕೊಳ್ಳುತ್ತ ಹೇಳಿದೆ: "ಬೈಕಿನ ಮ್ಯಾಲೆ ಸುಮ್ನ ಕುಂತಾಕಿಗೇ ಸೆರಗು ಹಿಂದಕ್ಕ ಜಗ್ಗಾಕತ್ತಿತ್ತು. ನೀ ಹೆಂಗ ತುಳೀತಿ?" ಸಂಜೆ ನವನಗರಕ್ಕೆ ಹೋಗಿ ಹಿಗ್ಗುವ ಬಟ್ಟೆ ಕೊಂಡು ಬಂದು ಹೊಲಿಗೆ ಮಷೀನಿನ ಮುಂದೆ ಕೂತೆ. ತೋಳು ಮಣಿಕಟ್ಟಿನವರೆಗೆ, ಕಾಲು ಹಿಮ್ಮಡಿಯವರೆಗೆ ಇರಬೇಕು. ಅದು ನಿನ್ನ ಷರತ್ತು.

ಮೊದಲನೆಯದನ್ನು ತೊಟ್ಟು ಸೈಕಲ್ಲಿನ ಮೇಲೆ ಬಗ್ಗಿದೆನೋ ಇಲ್ಲವೋ, ಬೆನ್ನ ಹೊಲಿಗೆ ಪರ್ರೆಂದು ಬಿಚ್ಚಿತು. ಎದೆಯ ಕಡೆ ಬಟ್ಟೆ ಮುದ್ದೆಯಾಯಿತು. ನಿಂತಾಗ ತೆಗೆದ ಅಳತೆ ಬಗ್ಗಿದ ಮೈಗೆ ಹೇಗೆ ಕೂಡೀತು? ನೀನು ಸೈಕಲ್ಲನ್ನೇ ಪಡಸಾಲೆಗೆ ತರಿಸಿದೆ. ಅಪ್ಪ ಹ್ಯಾಂಡಲ್ ಹಿಡಿದ, ನಾನು ಬಗ್ಗಿ ಕೂತೆ, ನೀನು ಟೇಪು ಹಿಡಿದು ಸುತ್ತಿದೆ. "ಹೊಟ್ಟಿ ಬಿಗಿ ಹಿಡೀಬ್ಯಾಡ. ಉಸಿರು ಬಿಡು." ಎರಡನೆಯದರಲ್ಲಿ ಒಂದೂ ನೆರಿಗೆ ಇರಲಿಲ್ಲ. ನೆಟ್ಟಗೆ ನಿಂತರೆ ಮಾತ್ರ ನನ್ನನ್ನು ಮುಂದಕ್ಕೆ ಜಗ್ಗುತ್ತಿತ್ತು. ಪಕ್ಕದ ಮನೆಯವರು "ಹುಡುಗಿ ಯಾಕ ಗೂನ ಬೆನ್ನ ಮಾಡ್ಕೊಂಡು ನಡ್ಯಾಕತ್ತಾಳ್ರಿ?" ಎಂದು ಕೇಳಿದಾಗ ನೀನು ಎಷ್ಟು ನಕ್ಕಿದ್ದೆ...

ಅದನ್ನು ತೊಟ್ಟು ಅದೇ ರಸ್ತೆಗೆ ಇಳಿದ ದಿನವೂ ಎದುರುಗಾಳಿಯಿತ್ತು. ಆದರೆ ಅದು ಮೈಮೇಲಿಂದ ಜಾರಿ ಹಿಂದೆ ಹೋಗುತ್ತಿತ್ತು. ಮುಂದಿನವರನ್ನು ಹಿಡಿದುಬಿಟ್ಟೆ. ಆ ವಾರವೇ ನೀನು ಕಾಯಿಲೆ ಬಿದ್ದಿದ್ದೆ; ಇದನ್ನು ನಿನಗೆ ದವಾಖಾನೆಯಲ್ಲಿ ಹೇಳಿದೆ. ಅಷ್ಟರಲ್ಲಿ ನಿನಗೆ ಕಣ್ಣು ತೆರೆಯುವುದೂ ಕಷ್ಟವಾಗಿತ್ತು. ಕೇಳಿಸಿತೋ ಇಲ್ಲವೋ...

ನಿನಗೆ ತಿಳಿಯದ ಸುದ್ದಿ ಒಂದಿದೆ. ಆಯ್ಕೆ ಸ್ಪರ್ಧೆಯಲ್ಲಿ ನೀನು ಹೊಲಿದದ್ದನ್ನೇ ತೊಟ್ಟು ಸೈಕಲ್ ಓಡಿಸಿದೆ. ರಾಜ್ಯ ತಂಡದಲ್ಲಿ ನನ್ನ ಹೆಸರು ಬಂತು. ತಂಡದವರು ಕೊಟ್ಟ ಉಡುಪಿಗೆ ಅರ್ಧ ತೋಳು. ಕಾಲು ಮೊಣಕಾಲಿಗಿಂತ ಮೇಲೆ. ನಿನ್ನೆ ಅದನ್ನು ಅಪ್ಪನ ಮುಂದೆ ಹರವಿದೆ. ಅವನು ಬಹಳ ಹೊತ್ತು ಬಟ್ಟೆ ಮುಟ್ಟಿ ನೋಡಿದ.

"ಹಾಕ್ಕೋ," ಎಂದ. "ನಿಮ್ಮವ್ವ ಇದ್ದಿದ್ರ, ನೀ ಹೋಗೂದ್ರೊಳಗ ತೋಳು ಹಚ್ಚಿಬಿಡ್ತಿದ್ಲು ನೋಡು."

ಹಾಗೆಂದು ನಕ್ಕ, ಅವ್ವಾ. ನೀನು ಹೋದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು.