ಸೊಸೆ ಆರಿಸಿದ ಯಂತ್ರಗಳು, ಸಾಹೇಬರು ಕಳೆದುಕೊಂಡ ಫಲಕ

ಸರ್ಕಾರಿ ಡೇಟಾ ಸೆಂಟರಿನ ಮಾನ್ಯ ನಿರ್ದೇಶಕರೇ,

ಕರೆಂಟು ಉಳಿಸಿದ ತಪ್ಪಿಗೆ ತಾವು ನನ್ನ ಸೊಸೆಯನ್ನು ಅಮಾನತಿನಲ್ಲಿಟ್ಟಿದ್ದೀರಿ. ಇದು ನನ್ನ ದೂರು. ಕುಶಲೋಪರಿಯನ್ನು ಬೇಕಾದರೆ ಆಮೇಲೆ ಮಾಡೋಣ. ಅತ್ತೆಯೊಬ್ಬಳು ಸೊಸೆಯ ಪರವಾಗಿ ಪತ್ರಿಕೆಗೆ ಬರೆಯುವ ಪರಿಸ್ಥಿತಿ ತಂದಿಟ್ಟಿರಲ್ಲ, ಆ ಒಂದು ಸಾಧನೆಗಾದರೂ ತಮ್ಮನ್ನು ಅಭಿನಂದಿಸಲೇಬೇಕು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರ ಕೈಯಲ್ಲೂ ಆಗದಿದ್ದ ಕೆಲಸ ಅದು. ಅವಳು ಏಳುವ ಹೊತ್ತಿನ ಬಗ್ಗೆ, ಹಾಲು ಉಕ್ಕಿ ಹರಿದರೂ ಫೋನು ಕೆಳಗಿಡದ ಬಗ್ಗೆ ನನಗೂ ದೂರುಗಳಿವೆ. ಅವುಗಳ ವಿಚಾರಣೆಯನ್ನು ನಾನೇ ನಡೆಸಿಕೊಳ್ಳುತ್ತೇನೆ. ತಾವು ಹೊರಿಸಿದ ಆರೋಪ ಮಾತ್ರ ನನ್ನ ಬುದ್ಧಿಗೆ ಎಟುಕುತ್ತಿಲ್ಲ. ಆದೇಶದಲ್ಲಿ ಹೀಗಿದೆ: "ಸದರಿ ನೌಕರರು ಕೇಂದ್ರದ ಇಂಧನ ದಕ್ಷತೆಗೆ ಧಕ್ಕೆ ತಂದಿರುತ್ತಾರೆ."

ಓದುಗರಿಗೂ ಹಿನ್ನೆಲೆ ತಿಳಿಯಲಿ. ನನ್ನ ಸೊಸೆ ತಮ್ಮ ಕೇಂದ್ರದಲ್ಲಿ ಇಂಜಿನಿಯರ್. ಸರ್ಕಾರದ ಎಲ್ಲ ಇಲಾಖೆಗಳ ಕಂಪ್ಯೂಟರುಗಳು ಅಲ್ಲಿ ಬೀರುಗಳಲ್ಲಿ ಸಾಲುಸಾಲಾಗಿ ಕೂತು ಹಗಲಿರುಳು ದುಡಿಯುತ್ತವೆ, ದುಡಿದಷ್ಟೂ ಕಾಯುತ್ತವೆ. ಅವನ್ನು ತಣ್ಣಗಿಡುವುದು ಅವಳ ಹೊಣೆ. ಅವಳು ಸೇರಿದ ಹೊಸತರಲ್ಲಿ ಪಾಳಿಯವರು ಬೇಸಿಗೆಯಲ್ಲೂ ಸ್ವೆಟರು ತೊಟ್ಟು, ಕಿವಿಗೆ ಮಫ್ಲರು ಸುತ್ತಿಕೊಂಡು ಕೂರುತ್ತಿದ್ದರಂತೆ. ಯಂತ್ರದ ಮುಂಭಾಗದಿಂದ ತಣ್ಣನೆ ಗಾಳಿ ಒಳಹೋಗಿ ಹಿಂಭಾಗದಿಂದ ಬಿಸಿಯಾಗಿ ಹೊರಬರಬೇಕು, ಇಷ್ಟೇ ಏರ್ಪಾಡು. ಆದರೆ ಬೀರುಗಳಲ್ಲಿ ಖಾಲಿ ಬಿಟ್ಟ ಖಾನೆಗಳ ಮೂಲಕ ಬಿಸಿಗಾಳಿ ತಿರುಗಿ ಮುಂದಕ್ಕೇ ನುಗ್ಗುತ್ತಿತ್ತು. ತಮ್ಮವರು ಅದಕ್ಕೆ ಕಂಡುಕೊಂಡ ಮದ್ದು ಒಂದೇ, ಎಸಿಯನ್ನು ಇನ್ನಷ್ಟು ಜೋರು ಮಾಡುವುದು. ಇವಳು ಖಾಲಿ ಖಾನೆಗಳಿಗೆ ಮುಚ್ಚಳ ಹಾಕಿಸಿದಳು. ತಂಪಿನ ಓಣಿಗೂ ಬಿಸಿಯ ಓಣಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಡಿಸಿದಳು. ಎಸಿಯ ಆರ್ಭಟವನ್ನು ಮೆಲ್ಲಮೆಲ್ಲನೆ ತಗ್ಗಿಸಿದಳು. ಸ್ವೆಟರುಗಳು ಮನೆ ಸೇರಿದವು. ಯಂತ್ರಗಳಿಗೇನೂ ಜ್ವರ ಬರಲಿಲ್ಲ.

ಆ ವರ್ಷ ಕೇಂದ್ರಕ್ಕೆ ಹಸಿರು ದಕ್ಷತಾ ಫಲಕ ಬಂತು. ವೇದಿಕೆ ಹತ್ತಿ ಅದನ್ನು ಸ್ವೀಕರಿಸಿದವರು ತಾವು. ನನ್ನ ಸೊಸೆ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು, ಪಕ್ಕದಲ್ಲಿ ನಾನೂ ಇದ್ದೆ. ತಾವು ಭಾಷಣದಲ್ಲಿ ಎಷ್ಟು ಸಲ "ನಾನು" ಅಂದಿರಿ ಎಂದು ಎಣಿಸಹೋಗಿ ನನಗೆ ಲೆಕ್ಕ ತಪ್ಪಿತು. ಆಗ ದಕ್ಷತೆ ತಮ್ಮದಾಗಿತ್ತು. ಈಗ ಧಕ್ಕೆ ಅವಳದಾಗಿದೆ.

ಮುಂದಿನ ವರ್ಷ ಅವಳಿಗೊಂದು ಸಂಶಯ ಹುಟ್ಟಿತು. ಇಷ್ಟು ಮುತುವರ್ಜಿಯಿಂದ ತಣ್ಣಗಿಡುತ್ತಿರುವ ಈ ಯಂತ್ರಗಳು ಮಾಡುತ್ತಿರುವುದಾದರೂ ಏನು? ಹುಡುಕಿ ನೋಡಿದರೆ ಕೊನೆಯ ಎರಡು ಸಾಲುಗಳು ಏನನ್ನೂ ಮಾಡುತ್ತಿರಲಿಲ್ಲ. ಸರ್ಕಾರ ಬದಲಾದಾಗ ನಿಂತುಹೋದ ಯೋಜನೆಗಳು, ಇನ್ನೊಂದು ಇಲಾಖೆಯೊಳಗೆ ಕರಗಿಹೋದ ಇಲಾಖೆಗಳು, ಉದ್ಘಾಟನೆಯ ದಿನ ಬಿಟ್ಟರೆ ಮತ್ತೆ ಯಾರೂ ತೆರೆಯದ ಜಾಲತಾಣಗಳು, ಇವುಗಳ ಕಂಪ್ಯೂಟರುಗಳವು. ಊಟಕ್ಕೆ ಕೂತಾಗ ನನಗೆ ಹೇಳಿದಳು:

"ಅತ್ತೆ, ಅಲ್ಲೊಂದು ಯಂತ್ರ ಇದೆ. ಅದನ್ನ ಮಾತಾಡ್ಸೋದು ಇನ್ನೊಂದು ಯಂತ್ರ ಮಾತ್ರ. ನಿಮಿಷಕ್ಕೊಂದ್ಸಲ 'ಇದ್ದೀಯಾ?' ಅಂತ ಕೇಳುತ್ತೆ. ಇದು 'ಇದ್ದೀನಿ' ಅನ್ನುತ್ತೆ. ಅಷ್ಟೇ ಅದರ ಕೆಲ್ಸ."

"ನಿಮ್ಮ ಮಾವನೂ ಆಫೀಸಲ್ಲಿ ಜೀವಮಾನವೆಲ್ಲ ಅದನ್ನೇ ಮಾಡಿದ್ದು ಬಿಡೇ. ಪೆನ್ಷನ್ ಬರ್ತಾ ಇಲ್ವಾ?" ಎಂದೆ. ನನ್ನ ಯಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಈ ಯಂತ್ರಗಳನ್ನು ಬಂದ್ ಮಾಡಬಹುದೇ ಎಂದು ಅವಳು ಆ ಇಲಾಖೆಗಳಿಗೆಲ್ಲ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು, ತಮಗೂ ಟಿಪ್ಪಣಿ ಕಳಿಸಿದಳು. ಅದರ ಮೇಲೆ ತಮ್ಮ ಸಹಿಯೂ ಬೀಳಲಿಲ್ಲ, ಆಕ್ಷೇಪವೂ ಬೀಳಲಿಲ್ಲ. ಅನುಮತಿ ಇಲ್ಲದೆ ಆರಿಸಿದಳು ಎಂದು ಈಗ ಹೇಳುತ್ತಿದ್ದೀರಿ. ಒಪ್ಪಿದೆ, ಸ್ವಾಮಿ. ಆದರೆ ಮುಚ್ಚಿಹೋದ ಯೋಜನೆಯ ಅನುಮತಿಯನ್ನು ಯಾವ ಬಾಗಿಲಲ್ಲಿ ನಿಂತು ಕೇಳಬೇಕಿತ್ತು? ಕೊನೆಗೆ ಅವಳು ಆ ಯಂತ್ರಗಳಲ್ಲಿದ್ದ ಮಾಹಿತಿಯನ್ನೆಲ್ಲ ಬೇರೆಡೆ ಜೋಪಾನವಾಗಿ ತೆಗೆದಿಟ್ಟು ಎರಡೂ ಸಾಲುಗಳನ್ನು ಆರಿಸಿದಳು. ಬೇಸಿಗೆ ಕಳೆಯಿತು. ಒಂದು ನರಪಿಳ್ಳೆಯೂ ಬಂದು ನಮ್ಮ ಯಂತ್ರ ಎಲ್ಲಿ ಎಂದು ಕೇಳಲಿಲ್ಲ. ಕಟ್ಟಡದ ಕರೆಂಟು ಮಾತ್ರ ಕಣ್ಣಿಗೆ ಕಾಣುವಷ್ಟು ಉಳಿಯಿತು.

ಅಷ್ಟರಲ್ಲಿ ಫಲಕದ ಸಮಿತಿ ಮತ್ತೆ ಬಂತು. ಅವರ ಲೆಕ್ಕ ಬಹಳ ಸರಳ. ಕಟ್ಟಡಕ್ಕೆ ಬರುವ ಒಟ್ಟು ಕರೆಂಟನ್ನು ಕಂಪ್ಯೂಟರುಗಳು ತಿನ್ನುವ ಕರೆಂಟಿನಿಂದ ಭಾಗಿಸಬೇಕು. ಉತ್ತರ ಒಂದಕ್ಕೆ ಹತ್ತಿರವಿದ್ದಷ್ಟೂ ಕೇಂದ್ರ ದಕ್ಷ. ಕಂಪ್ಯೂಟರು ಮಾಡುವ ಕೆಲಸ ಕೆಲಸವೋ ಕಾಲಹರಣವೋ, ಆ ಪ್ರಶ್ನೆ ಲೆಕ್ಕದೊಳಗೆ ಬರುವುದಿಲ್ಲ. ಎರಡು ಸಾಲು ಆರಿದ್ದರಿಂದ ಕಂಪ್ಯೂಟರುಗಳ ಪಾಲು ಇಳಿಯಿತು. ಪಂಪು, ಫ್ಯಾನು, ದೀಪಗಳ ಪಾಲು ಅಷ್ಟು ಇಳಿಯಲಿಲ್ಲ. ಭಾಗಿಸಿದಾಗ ಉತ್ತರ ಕೆಟ್ಟಿತು, ಫಲಕ ಕೈತಪ್ಪಿತು. ಕರೆಂಟು ಕಡಿಮೆ ಸುಟ್ಟದ್ದರಿಂದ ಕೇಂದ್ರ ಅದಕ್ಷವಾಯಿತು! ಪ್ರಯಾಣಿಕರು ಕಡಿಮೆಯಾದರೆಂದು ಸೀಟುಗಳ ಮೇಲೆ ಮರಳಿನ ಮೂಟೆ ಕೂರಿಸಿಕೊಂಡು ಬಸ್ಸು ಓಡಿಸಿ, ತಲಾ ಡೀಸೆಲ್ ಖರ್ಚು ಇಳಿದಿದೆ ನೋಡಿ ಎಂದು ಯಾವನಾದರೂ ಬೀಗಿದರೆ ತಾವೇನನ್ನುತ್ತೀರಿ? ಬಹುಶಃ ಮೂಟೆ ಇಳಿಸಿದ ಕಂಡಕ್ಟರನ್ನು ಅಮಾನತು ಮಾಡುತ್ತೀರಿ.

ನನ್ನ ತಿಳಿವಳಿಕೆಯಲ್ಲೇ ಐಬಿರಬಹುದೆಂದು ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ವಿಷಯ ಇಂಧನ ಮಿತವ್ಯಯ ಎಂದು ಬಾಗಿಲ ಮೇಲೆ ಅಂಟಿಸಿತ್ತು. ಅಧೀಕ್ಷಕರು ಸಜ್ಜನರು, ಕುರ್ಚಿ ಕೊಟ್ಟರು.

"ನೋಡಿ ಅಮ್ಮ, ಉಳಿತಾಯ ಬೇರೆ, ದಕ್ಷತೆ ಬೇರೆ. ನಮ್ದು ದಕ್ಷತೆ ವಿಭಾಗ. ಉಳಿತಾಯದ ವಿಚಾರ ಆದ್ರೆ ಮೇಲಿನ ಮಹಡೀಲಿ ಕೇಳ್ಬೇಕು."

"ಮೇಲೆ ಯಾರಿದ್ದಾರಪ್ಪ?"

"ಆ ಹುದ್ದೆ ಖಾಲಿ ಇದೆ."

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಅಲ್ಲೂ ಯಂತ್ರಕ್ಕೆ ಎಸಿ, ನಮಗೆ ಗರಗರ ಎನ್ನುವ ಫ್ಯಾನು. ನಾವು ಗೊಣಗುತ್ತಿದ್ದೆವು, ಆದರೂ ಅದರಲ್ಲೊಂದು ನ್ಯಾಯವಿತ್ತು: ಆ ಯಂತ್ರದೊಳಗೆ ಯಾರದೋ ಹೆರಿಗೆಯ ಸುದ್ದಿ, ಯಾರದೋ ಸಾವಿನ ಸುದ್ದಿ ಹರಿಯುತ್ತಿತ್ತು. ತಮ್ಮ ಕೊನೆಯ ಎರಡು ಸಾಲುಗಳಲ್ಲಿ ಹರಿಯುತ್ತಿರುವುದು ಏನು? ಅವನ್ನು ತಾವು ಮತ್ತೆ ಚಾಲೂ ಮಾಡಿಸಿದ್ದೀರಂತೆ. ಸಮಿತಿಯ ಭಾಗಾಕಾರದ ಉತ್ತರ ಸುಧಾರಿಸಿದೆಯಂತೆ. ಮೊನ್ನೆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟು ಹೋದಾಗ ಎದುರು ಮನೆಯ ಬಾಣಂತಿ ಕೂಸಿಗೆ ರಟ್ಟಿನ ತುಂಡಿನಲ್ಲಿ ಗಾಳಿ ಹಾಕುತ್ತ ಕೂತಿದ್ದಳು. ಅದೇ ಹೊತ್ತಿಗೆ ತಮ್ಮಲ್ಲಿ ಒಂದು ಯಂತ್ರ ತಣ್ಣನೆ ಗಾಳಿಯಲ್ಲಿ ಕೂತು "ಇದ್ದೀನಿ, ಇದ್ದೀನಿ" ಎನ್ನುತ್ತಿತ್ತು. ನನಗೆ ಹೊಟ್ಟೆ ಉರಿಯಿತು, ಸ್ವಾಮಿ. ಇದನ್ನು ಬೇರೆ ಯಾವ ಶಿಷ್ಟ ಪದದಲ್ಲಿ ಹೇಳಬೇಕೋ ನನಗೆ ತಿಳಿಯದು.

ಈಗ ವಿಚಾರಣೆಯ ಮಾತಿಗೆ ಬರುತ್ತೇನೆ. ಸೋಮವಾರ ಅವಳು ತಮ್ಮ ಮುಂದೆ ಹಾಜರಾಗಬೇಕು. ಒಂದು ಮುಚ್ಚಳಿಕೆ ಸಿದ್ಧವಾಗಿದೆ ಎಂದು ಅಧೀಕ್ಷಕರೇ ಹೇಳಿದರು. ದಕ್ಷತೆಗೆ ನನ್ನಿಂದ ಹಾನಿಯಾಗಿದೆ, ಇನ್ನು ಮುಂದೆ ಯಾವ ಯಂತ್ರವನ್ನೂ ಆರಿಸುವುದಿಲ್ಲ ಎಂದು ಸಹಿ ಮಾಡಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ವಜಾ. ನನ್ನ ಮಗ, ಅಂದರೆ ಅವಳ ಗಂಡ, ಮೃದು ಸ್ವಭಾವದವನು. "ಒಂದು ಸಹಿ ತಾನೇ? ಹಾಕಿ ಕೈತೊಳ್ಕೊ" ಎಂದ.

"ಏನಂತ ಹಾಕ್ಲಿ? ಕಸ ಗುಡಿಸಿದ್ದು ನನ್ನ ತಪ್ಪು, ಇನ್ಮೇಲೆ ಗುಡಿಸಲ್ಲ ಅಂತನಾ?" ಎಂದು ಅವಳು ಎದ್ದುಹೋದಳು.

ನಾನು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಒಂದು ಕ್ಷಣ ನಿಂತರೆ ಸಾಕು, "ಅತ್ತೆ, ಯೋಚ್ನೆ ಮಾಡ್ಕೊಂಡು ಬಾಗಿಲು ತೆಗೀರಿ, ಬಾಗಿಲು ತೆಗೆದು ಯೋಚ್ನೆ ಮಾಡ್ಬೇಡಿ" ಎನ್ನುತ್ತಿದ್ದ ಹುಡುಗಿ ಅವಳು. ಅಂಥವಳು ಮೊನ್ನೆ ಸಂಜೆ ನಡುಮನೆಯಿಂದ ಹೊರಡುವಾಗ ಅಭ್ಯಾಸಬಲದಿಂದ ದೀಪದ ಸ್ವಿಚ್ಚಿಗೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಒಂದು ಕ್ಷಣ ಅದನ್ನೇ ನೋಡಿ ಕೈಯನ್ನು ಹಿಂದಕ್ಕೆಳೆದುಕೊಂಡು ಒಳಗೆ ಹೋದಳು. ದೀಪ ಉರಿಯುತ್ತಲೇ ಇತ್ತು. ನಾನು ಅಳುವವಳಲ್ಲ, ಅವತ್ತು ಅತ್ತೆ. ಒಳ್ಳೆಯ ಕೆಲಸಕ್ಕೆ ತಾನಾಗಿ ಏಳುತ್ತಿದ್ದ ಒಂದು ಕೈಗೆ ತಾವು ಅಂಜಿಕೆ ಕಲಿಸಿದ್ದೀರಿ. ಫಲಕ ಹೋದರೆ ಇನ್ನೊಂದು ಮಾಡಿಸಬಹುದು, ಇದನ್ನು ಯಾರು ಸರಿಮಾಡಿಕೊಡುತ್ತಾರೆ?

ನನ್ನ ಬೇಡಿಕೆ ಕೇಳಿ. ಸೋಮವಾರ ವಿಚಾರಣೆಯನ್ನು ತಮ್ಮ ಕೋಣೆಯಲ್ಲಿ ನಡೆಸಬೇಡಿ, ಆ ಎರಡು ಸಾಲುಗಳ ನಡುವೆ ನಡೆಸಿ. ಒಂದೊಂದು ಯಂತ್ರದ ಮುಂದೆಯೂ ನಿಂತು, ಇದು ಇವತ್ತು ಯಾವ ಪ್ರಜೆಯ ಯಾವ ಕೆಲಸ ಮಾಡಿತು ಎಂದು ಹೇಳಿ. ಹೇಳಲಾಗದಿದ್ದನ್ನು ತಮ್ಮ ಕೈಯಿಂದಲೇ ಆರಿಸಿ, ಅಮಾನತನ್ನು ಹಿಂತೆಗೆದುಕೊಳ್ಳಿ. ಅದಾಗದಿದ್ದರೆ ಆದೇಶದ ಆ ವಾಕ್ಯವನ್ನಾದರೂ ತಿದ್ದಿ. ದಕ್ಷತೆಗೆ ಧಕ್ಕೆ ಎಂಬುದನ್ನು ಹೊಡೆದುಹಾಕಿ, ಕರೆಂಟು ಉಳಿಸಿದ್ದಕ್ಕಾಗಿ ಇವರನ್ನು ಅಮಾನತಿನಲ್ಲಿಡಲಾಗಿದೆ ಎಂದು ದುಂಡಗೆ ಬರೆದು ಕೆಳಗೆ ಸಹಿ ಮಾಡಿ. ಮುಚ್ಚಳಿಕೆಗೆ ಅವಳು ಸಹಿ ಹಾಕುವುದಿಲ್ಲ. ಮನೆಯ ಚಿಂತೆಗೆ ಮನಸ್ಸು ಕರಗಿ ಹಾಕಲು ಹೊರಟಳು ಅಂತಲೇ ಇಟ್ಟುಕೊಳ್ಳಿ, ತಮ್ಮ ಕಚೇರಿಯ ಬಾಗಿಲಲ್ಲಿ ಅಡ್ಡ ನಿಲ್ಲುವವಳು ನಾನಿದ್ದೇನೆ.

ಇಂತಿ,
ತಮ್ಮ ಲೆಕ್ಕದಲ್ಲಿ ಅದಕ್ಷಳೂ ಈ ವಯಸ್ಸಿನಲ್ಲಿ ತಿದ್ದಿಕೊಳ್ಳಲಾರದವಳೂ ಆದ
ಒಬ್ಬ ಅತ್ತೆ