ಮೂರನೆಯ ಮಾಳಿಗೆಯ ಖೋಲಿ

ಘಾಟ್ಕೋಪರ್, ಮುಂಬಯಿ
೪ ಜೂನ್ ೧೯೭೨

ಪ್ರೀತಿಯ ಮಗಳು ಅಖ್ತರಿಗೆ, ನಿನ್ನ ಅಬ್ಬಾನ ದುವಾಗಳು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಇಪ್ಪತ್ತಕ್ಕೆ ಕಾಲೇಜು ಶುರು, ಹದಿನೇಳಕ್ಕೆ ರೈಲು ಹತ್ತುತ್ತೇನೆ, ನಿಮ್ಮ ಖೋಲಿಯಲ್ಲಿ ನನ್ನ ಪುಸ್ತಕಕ್ಕೆ ಒಂದು ಗೂಡು ಖಾಲಿ ಮಾಡಿಡಿ ಎಂದು ಬರೆದಿದ್ದೀಯ. ಗೂಡು ಎಲ್ಲಿಂದ ಖಾಲಿ ಮಾಡಲಿ ಮಗಳೇ, ಖೋಲಿಯೇ ಇಲ್ಲ.

ತಿರುಗಿ ಓದಬೇಡ, ಸರಿಯಾಗಿಯೇ ಓದಿದ್ದೀಯ. ಹನ್ನೆರಡು ವರ್ಷದಿಂದ ನಾನು ಉಸ್ಮಾನ ಸೇಠರ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಲಗುತ್ತಿದ್ದೇನೆ. ಬಂದ ಹೊಸತರಲ್ಲಿ ನಮ್ಮ ಕಡೆಯ ಒಂಬತ್ತು ಜನ ಸೇರಿ ಒಂದು ಚಾಳಿನಲ್ಲಿ ಖೋಲಿ ಹಿಡಿದದ್ದು ನಿಜ. ಆ ಖುಷಿಗೆ ಖೋಲಿ ಸಿಕ್ಕಿತು ಎಂದು ಬರೆದೆ. ಮರುವರ್ಷ ಮಾಲೀಕನ ಮಗನಿಗೆ ಮದುವೆಯಾಯಿತು, ನಮ್ಮನ್ನೆಲ್ಲ ಎಬ್ಬಿಸಿದರು. ಅಷ್ಟರಲ್ಲಿ ನಿನ್ನ ಅಮ್ಮ ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು. ನಿಜ ಬರೆಯಲು ಕೈ ಬರಲಿಲ್ಲ. ಮುಂದಿನ ಕಾಗದದಲ್ಲಿ ಮೂರನೆಯ ಮಾಳಿಗೆ ಎಂದೆ, ಅದರ ಮುಂದಿನದರಲ್ಲಿ ಒಂದು ಕಿಟಕಿ ಇಟ್ಟೆ, ಆಮೇಲೆ ಒಳಗೇ ನಲ್ಲಿ. ಅವಳು ಬಂದು ನೋಡುತ್ತೇನೆ ಎಂದಾಗೆಲ್ಲ ಸುಣ್ಣ ಹೊಡೆಸುತ್ತಿದ್ದಾರೆ ಎಂದೆ. ನನ್ನಷ್ಟು ಸಲ ಸುಣ್ಣ ಹೊಡೆಸಿದವರು ಈ ಮುಂಬಯಿಯಲ್ಲೇ ಇರಲಿಕ್ಕಿಲ್ಲ.

ನೀನು ಧಾರವಾಡ ಬಿಟ್ಟು ಇಲ್ಲಿಗೇ ಅರ್ಜಿ ಹಾಕಿದಾಗ ಬೇಡ ಎನ್ನಬೇಕಿತ್ತು. ಎರಡು ತಿಂಗಳಿದೆ, ಹುಡುಕಿದರಾಯಿತು ಎಂದುಕೊಂಡೆ. ಅಂಗಡಿಗೆ ರಜೆಯಿದ್ದ ಏಳು ಭಾನುವಾರ ಹುಡುಕಿದೆ. ವಿಲೆ ಪಾರ್ಲೆಯಲ್ಲಿ ಒಬ್ಬ ಅಜ್ಜಿ ಮನೆಯೆಲ್ಲ ತೋರಿಸಿ, ನೀನು ಮಲಗುವ ಮೂಲೆಯನ್ನೂ ತೋರಿಸಿ, ನಮ್ಮ ಹೆಸರು ಕೇಳಿದಳು. ಹೇಳಿದೆ. ಅಣ್ಣನ ಮಗಳು ಬರುವವಳಿದ್ದಾಳೆ, ಮರೆತೇ ಹೋಗಿತ್ತು ಎಂದಳು. ಆಂಟಾಪ್ ಹಿಲ್‌ನಲ್ಲಿ ಹೆಸರು ಕೇಳದೆ ಒಪ್ಪಿದರು, ಆದರೆ ಒಂದೇ ಕೋಣೆಯಲ್ಲಿ ಏಳು ಜನ. ಅಲ್ಲಿ ನೀನು ಪುಸ್ತಕ ಬಿಚ್ಚುವುದಾದರೂ ಎಲ್ಲಿ? ಕಾಲು ಸೋತು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಸೀಟು ಬಿಟ್ಟುಬಿಡು ಎಂದು ನಿನಗೆ ಬರೆಯಲು ಕಾರ್ಡು ಕೊಂಡೆ. ಬರೆಯಲಿಲ್ಲ.

ಕೊನೆಗೆ ನಿನ್ನ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದೆ. ಎರಡು ಹಾಸಿಗೆ ಉಳಿದಿದ್ದವು. ಆಫೀಸಿನಲ್ಲಿ ಮೋಹಿನಿ ಎಂಬ ಉಡುಪಿ ಕಡೆಯ ಹೆಣ್ಣುಮಗಳು ನಿನ್ನ ಪ್ರವೇಶದ ಫಾರ್ಮು ತೆಗೆದು ನೋಡಿದಳು. “ನಿಮಗೆ ಘಾಟ್ಕೋಪರಿನಲ್ಲಿ ಖೋಲಿ ಉಂಟಲ್ಲ, ನಿಮ್ಮ ಮಗಳೇ ಬರ್ದಿದ್ದಾಳೆ. ಇದೇ ಊರಲ್ಲಿ ಮನೆ ಇದ್ದವರಿಗೆ ಇಲ್ಲಿ ಹಾಸಿಗೆ ಕೊಡ್ಲಿಕ್ಕಿಲ್ಲ” ಎಂದಳು. ನಿನ್ನ ದುಂಡು ಅಕ್ಷರದಲ್ಲಿ ಮೂರನೆಯ ಮಾಳಿಗೆಯೂ ಇತ್ತು. ನಾನು ಹೇಳಿದ ಸುಳ್ಳು ನಿನ್ನ ಹಾಸಿಗೆಗೇ ಅಡ್ಡ ಬಂತಲ್ಲ ಎಂದು ಬಹಳ ನಾಚಿಕೆಯಾಯಿತು.

ಅಲ್ಲಿಯೇ ನಿಂತು ಇದ್ದದ್ದು ಹೇಳಿದೆ. ಬಾಯಿಮಾತು ಸಾಲದು, ಮುಂಬಯಿಯಲ್ಲಿ ನನಗೆ ಮನೆಯಿಲ್ಲ ಎಂದು ಬರೆದು, ಕೆಲಸ ಕೊಟ್ಟವರ ಸಹಿ ತರಬೇಕು ಎಂದಳು. ನಾನು ಕನ್ನಡದಲ್ಲಿ ಬರೆದದ್ದನ್ನು ತಾನೇ ಇಂಗ್ಲಿಷಿಗೆ ಮಾಡಿಕೊಟ್ಟಳು, ಪುಣ್ಯಾತ್ಗಿತ್ತಿ. ಸೇಠರು ಸಹಿ ಹಾಕಿ, ಇಷ್ಟು ವರ್ಷ ಮನೆಯವರಿಗೆ ಹೇಳಿಯೇ ಇಲ್ಲವೇ ಎಂದು ಕೇಳಿದರು. ನಾನು ತಲೆ ಎತ್ತದೆ ಗುಂಡಿ ಹಚ್ಚುತ್ತಾ ಕೂತೆ.

ನಿನ್ನೆ ಹಾಸಿಗೆ ಕೊಟ್ಟರು. ಹನ್ನೊಂದನೆಯ ನಂಬರು, ಗೋಡೆಯ ಬದಿಗೆ. ಬಾ ಮಗಳೇ, ದಾದರ್ ಸ್ಟೇಷನ್ನಿಗೆ ಬರುತ್ತೇನೆ. ಬಹಳ ದಣಿದಿದ್ದೇನೆ, ಆದರೆ ಈ ಹಾಸಿಗೆ ಮಾತ್ರ ನಿಜ.

ನಿನ್ನ ಅಬ್ಬಾ,
ಶರೀಫ

ತಾ.ಕ.: ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಹಾಸ್ಟೆಲು ಕಾಲೇಜಿಗೆ ಹತ್ತಿರ, ಅದಕ್ಕೇ ಅಲ್ಲಿ ಬಿಟ್ಟೆ ಎಂದು ಹೇಳು.


ಬೆಟಗೇರಿ
೯ ಜೂನ್ ೧೯೭೨

ಅಬ್ಬಾನವರಿಗೆ ಅಖ್ತರಿಯ ಸಲಾಂ.

ಓದಬೇಡ ಎಂಬುದನ್ನು ಕೊನೆಯಲ್ಲಿ ಬರೆದಿರಲ್ಲ ಅಬ್ಬಾ. ನಿಮ್ಮ ಕಾಗದ ಬಂದರೆ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಕೂರುತ್ತಾಳೆ, ಲಕೋಟೆ ಒಡೆದವಳೇ ನಾನು ಗಟ್ಟಿಯಾಗಿ ಓದುತ್ತೇನೆ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗಿನಿಂದ ಹೀಗೇ. ಖೋಲಿಯೇ ಇಲ್ಲ ಎಂಬಲ್ಲಿಗೆ ಬಂದು ನಿಂತೆ. ಮುಂದೆ ಓದು ಎಂದಳು. ಓದಿದೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ನಿಮ್ಮ ಕಿಟಕಿಯಿಂದ ಕಾಣುವ ರೈಲುಗಳ ವಿಷಯ ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಸಿಟ್ಟು ಮಾಡಿಕೊಂಡು ಕೂತರೆ ಅಳು ಬರುತ್ತದೆ, ಅದಕ್ಕೆ ಇಲ್ಲಿಗೆ ಬಿಡುತ್ತೇನೆ. ಹದಿನೇಳಕ್ಕೆ ಹೊರಡುತ್ತೇನೆ. ಹನ್ನೊಂದನೆಯ ನಂಬರು ಬೇರೆ ಯಾರಿಗೂ ಹೋಗದ ಹಾಗೆ ನೋಡಿಕೊಳ್ಳಿ.

ನಿಮ್ಮ ಮಗಳು,
ಅಖ್ತರಿ

ತಾ.ಕ.: ಅಮ್ಮ ಅಳಲಿಲ್ಲ. ತನಗೆ ಮೊದಲೇ ಗೊತ್ತಿತ್ತಂತೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಊರಿಗೆ ಬಂದಾಗೆಲ್ಲ ಮೊದಲ ನಾಕು ದಿನ ಮೊಣಕಾಲು ಎದಿಗೆ ಹಚ್ಚಿಕೊಂಡು ಮಲಗತಿದ್ರು. ಖೋಲಿ ಇದ್ದಾಂವ ಹಂಗ ಮಲಗೂದಿಲ್ಲ. ಐದನೇ ದಿನ ಕಾಲು ಚಾಚತಿದ್ರು, ಅಷ್ಟೊತ್ತಿಗೆ ರಜಾ ಮುಗೀತಿತ್ತು.”